ಏಣಿ ಹತ್ತದ ಇಲಿ

ನಾಗಮಂಗಲದಿಂದ ಫೋನು ಬಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ‘ಇಲಿ ಮೇಡಂ ಹೋಗಿಬಿಟ್ಟರಂತೆ’ ಎಂದು ನಮ್ಮನೆಯವರು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರು. ಸಾವಿನ ಸುದ್ದಿ ಕೇಳಿ ನಗಬಾರದು ಎಂಬುದು ನನಗೂ ಗೊತ್ತು. ಆದರೆ ಆ ಹೆಸರು ಕಿವಿಗೆ ಬಿದ್ದ ಮೇಲೆ ಮುಖ ಗಂಟಿಕ್ಕಿಕೊಂಡಿರುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಮೊದಲು ನಗು ಬಂತು, ಅದರ ಹಿಂದೆಯೇ ಅಳು ಬಂತು, ಅಷ್ಟರಲ್ಲಿ ಸಾಸಿವೆ ಸೀದುಹೋಯಿತು. ಮೇಡಂ ಪಕ್ಕದಲ್ಲಿದ್ದಿದ್ದರೆ ಒಲೆ ಆರಿಸುವುದನ್ನು ಬಿಟ್ಟು, ಸೀದ ವಾಸನೆ ಮೂಗಿನಿಂದ ಮಿದುಳಿಗೆ ಯಾವ ದಾರಿ ಹಿಡಿದು ಹೋಗುತ್ತದೆ ಎಂದು ನನ್ನ ಹಣೆ ತಟ್ಟಿ ತೋರಿಸುತ್ತಿದ್ದರು.

ಹಣೆ ತಟ್ಟುವುದು ಅವರ ಅಭ್ಯಾಸ. ಮಿದುಳಿನ ಮಾತು ಬಂದರೆ ಬೆರಳು ಮಡಿಸಿ, ಬಾಗಿಲು ತಟ್ಟುವ ಹಾಗೆ, ತಮ್ಮ ಹಣೆಯನ್ನಲ್ಲ, ಎದುರಿಗಿದ್ದವರ ಹಣೆಯನ್ನು ತಟ್ಟುತ್ತಿದ್ದರು. ಹಾಲು ಹಾಕುವವನು, ಪೋಸ್ಟ್‌ಮ್ಯಾನು, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರು, ಯಾರನ್ನೂ ಬಿಟ್ಟವರಲ್ಲ. ‘ಒಳ್ಗಡೆ ಯಾರಾದ್ರೂ ಅವ್ರಾ ಮೇಡಂ?’ ಎಂದು ಹಾಲಿನವನು ರೇಗಿಸಿದರೆ, ‘ಅವ್ರೆ ಕಣಪ್ಪ, ಕೋಟಿಗಟ್ಲೆ ಅವ್ರೆ. ಒಬ್ರಿಗೊಬ್ರು ಕೂಗಿ ಹೇಳ್ಕೊತಾ ಕೂತವ್ರೆ. ನಿಂಗೆ ಕೇಳಿಸ್ತಿಲ್ಲ ಅಷ್ಟೇ’ ಎನ್ನುತ್ತಿದ್ದರು. ಅವನು ಹಣೆ ಉಜ್ಜಿಕೊಂಡು, ನಗುತ್ತಾ ಸೈಕಲ್ ಹತ್ತುತ್ತಿದ್ದ.

ಅವರ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಬೀದಿಯವರು ಇಟ್ಟ ಹೆಸರನ್ನೇ ಅವರು ಇನ್ನೊಂದು ಡಿಗ್ರಿ ಸಿಕ್ಕಿದಷ್ಟು ಖುಷಿಯಿಂದ ಒಪ್ಪಿಕೊಂಡಿದ್ದರು. ನನಗೂ ಅದೇ ಸಾಕು.

ತೊಂಬತ್ತರ ದಶಕದ ಮೊದಮೊದಲ ಮಾತು. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆ. ನಾನು ದಿನವೂ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ಬರುತ್ತಿದ್ದೆ. ಮಾಳಿಗೆ ಮೇಲೊಂದು ರೂಮು ಖಾಲಿ ಇತ್ತು. ಮೈಸೂರಿನ ಒಂದು ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದ ಹೆಂಗಸೊಬ್ಬರು ರೂಮು ಕೇಳಿಕೊಂಡು ಬಂದರು. ಹುಟ್ಟೂರು ನಾಗಮಂಗಲದ ಕಡೆ, ಒಕ್ಕಲು ಮನೆತನ, ಮದುವೆಯಾಗಿಲ್ಲ, ಮೈಸೂರಿನ ಲೈಬ್ರರಿ ಹತ್ತಿರವಿರಬೇಕು. ಮೇಡಮ್ಮು, ಒಂಟಿ ಹೆಂಗಸು, ನಮ್ಮ ಕಡೆಯವರು ಎಂದು ನಮ್ಮತ್ತೆ ಎರಡನೇ ಮಾತಾಡದೆ ಬೀಗದಕೈ ಕೊಟ್ಟರು.

ಸಾಮಾನು ಬಂದ ದಿನ ಟೆಂಪೋದಿಂದ ಹಳೇ ಸೀರೆ ಮುಚ್ಚಿದ ಪಂಜರಗಳು ಇಳಿದವು. ‘ಗಿಣಿಯಾ?’ ಎಂದು ಅತ್ತೆ ಆಸೆಯಿಂದ ಕೇಳಿದರು.

‘ಅಲ್ಲ ಕಣಕ್ಕ, ಕಾಲೇಜಲ್ಲಿ ನನ್ ಜೊತೆ ಕೆಲ್ಸ ಮಾಡ್ತಿದ್ದೋರು. ಇವ್ರೂ ರಿಟೈರು, ನಾನೂ ರಿಟೈರು’ ಎಂದು ಅವರು ಸೀರೆ ಎತ್ತಿದರು. ಒಳಗೆ ಬಿಳೀ ಇಲಿಗಳು ಮೀಸೆ ಕುಣಿಸುತ್ತಾ ನಮ್ಮತ್ತೆಯನ್ನು ನೋಡುತ್ತಿದ್ದವು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಸೀದಾ ನನ್ನ ಹತ್ತಿರ ಬಂದರು. ‘ನೋಡವ್ವ, ಗದ್ದೇಲಿ ಇಲಿ ಹೊಡೆಯಕ್ಕೆ ನಾವು ಕೂಲಿ ಕೊಡ್ತೀವಿ. ಈವಮ್ಮ ಬಾಡ್ಗೆ ಕೊಟ್ಟು ಸಾಕ್ತದಂತೆ’ ಎಂದರು. ಅಡ್ವಾನ್ಸು ಆಗಲೇ ಸಕ್ಕರೆ ಡಬ್ಬಿಯ ಹಿಂದೆ ಸೇರಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಒಂದೊಂದು ಇಲಿಯ ಗುರುತು ಸಿಗಲೆಂದು ಮೇಡಂ ಅವುಗಳ ಬೆನ್ನಿಗೆ ಬಣ್ಣ ಹಚ್ಚುತ್ತಿದ್ದರು. ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಬಟ್ಟೆಗೆ ಹಾಕುವ ನೀಲಿ. ಅಡುಗೆಮನೆ ದೇವರಮನೆಯಲ್ಲಿ ಸುಲಭವಾಗಿ ಸಿಗುವ ಬಣ್ಣಗಳು ಅವೇ ತಾನೆ. ಆದರೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಇಲಿಗಳನ್ನು ಪಕ್ಕದ ಮನೆಯವರು ಟೆರೇಸಿನಿಂದ ನೋಡಿದ್ದೇ ತಡ, ಮೇಡಮ್ಮು ಗಣಪನ ವಾಹನಕ್ಕೆ ಪೂಜೆ ಮಾಡುವವರು ಎಂದು ಬೀದಿಯೆಲ್ಲ ಸುದ್ದಿಯಾಯಿತು. ಆ ವರ್ಷ ಚೌತಿಯ ದಿನ ಹೆಂಗಸರು ಕಡುಬಿನ ತಟ್ಟೆ ಹಿಡಿದುಕೊಂಡು ಮಾಳಿಗೆ ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಂತರು. ಗಂಜಾಮಿನ ಕಡೆಯ ರೈತರೊಬ್ಬರು ಬಂದು, ‘ಅವ್ವಾ, ನೀವೊಂದ್ ಮಾತು ಯೋಳಿದ್ರೆ ಕೇಳ್ತವಂತೆ, ನಮ್ ಗದ್ದೆ ಒಂದ್ ಬುಟ್ಬುಡಕೆ ಯೋಳಿ’ ಎಂದು ಕೈಮುಗಿದರು. ಮೇಡಂ ಅವರನ್ನು ಕೂರಿಸಿ, ಕಡುಬು ಕೊಟ್ಟು, ಹಣೆ ತಟ್ಟಿ, ಇಲಿಯ ಮಿದುಳಿಗೂ ನಮ್ಮ ಮಿದುಳಿಗೂ ಇರುವ ನೆಂಟಸ್ತಿಕೆಯನ್ನೆಲ್ಲ ವಿವರಿಸಿದರು. ರೈತರು ಕಡುಬು ತಿಂದು ಮುಗಿಸಿ, ‘ಅದೆಲ್ಲಾ ಸರಿ, ಯೋಳ್ತೀರಾ ಇಲ್ವಾ?’ ಎಂದರು.

ಇಷ್ಟು ಹೇಳಿದ ಮೇಲೆ ನನ್ನ ಮೈದುನ ಸಿದ್ದರಾಜುವಿನ ವಿಷಯಕ್ಕೆ ಬರಬೇಕು. ನಮ್ಮ ಮನೆಯವರ ಪಾಲಿಗೆ ಮೇಡಂ ಎಂದರೆ ಆ ಕಥೆಯೇ.

ಸಿದ್ದರಾಜು ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಕ್ಟರು ಓಡಿಸುತ್ತಿದ್ದ. ಒಳ್ಳೇ ಕೆಲಸಗಾರ, ಕಡಿಮೆ ಮಾತಿನವನು. ಮದುವೆಯಾಗಿ ಕೆಲವು ವರ್ಷ ಚೆನ್ನಾಗಿದ್ದು, ಆಮೇಲೆ ನಿಧಾನವಾಗಿ ಕುಗ್ಗಿದ. ಮೊದಲು ವಾರಕ್ಕೊಂದು ಟ್ರಿಪ್ಪು ತಪ್ಪಿತು, ಆಮೇಲೆ ಟ್ರಾಕ್ಟರೇ ಬೇರೆಯವರ ಕೈಗೆ ಹೋಯಿತು. ಕೆಳಗಿನ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ನಿದ್ದೆಯಲ್ಲ, ಕಣ್ಣು ಬಿಟ್ಟುಕೊಂಡೇ. ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ಎಲ್ಲರೂ ಕೂಡಿ ಒಂದು ಹೆಸರಿಟ್ಟೆವು, ಸೋಮಾರಿ ಎಂದು. ‘ಎದ್ದೇಳ್ಲಾ, ಸೋಂಬೇರಿ’ ಎಂದು ಅತ್ತೆ ಬಾಗಿಲಲ್ಲಿ ನಿಂತು ದಿನಕ್ಕೆ ನಾಲ್ಕಾರು ಸಲ ಕೂಗುತ್ತಿದ್ದರು. ಕೂಗಿದ ಮೇಲೆ ಒಳಗೆ ಬಂದು ಅಳುತ್ತಿದ್ದರು.

ಅವನ ಹೆಂಡತಿ ಭಾಗ್ಯ ಕೆ.ಆರ್.ಪೇಟೆ ತಾಲ್ಲೂಕಿನವಳು, ಗೋವಿಂದನಹಳ್ಳಿ ಹತ್ತಿರದ ಒಂದು ಊರು. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಆ ವರ್ಷ ಗೌರಿ ಹಬ್ಬಕ್ಕೆ ತೌರಿಗೆ ಹೋದಳು. ಹಬ್ಬಕ್ಕೆ ಹೋದ ಹೆಣ್ಣುಮಗಳನ್ನು ಗಂಡನೇ ಹೋಗಿ ಕರೆತರಬೇಕು, ನಮ್ಮಲ್ಲಿ ಹಾಗೆ. ಗಂಡ ಬಾರದಿದ್ದರೆ ತೌರಿನವರಿಗೆ ಊರಲ್ಲಿ ತಲೆ ಎತ್ತಿ ಓಡಾಡಲು ಆಗುವುದಿಲ್ಲ. ಸಿದ್ದರಾಜು ಹೋಗಲಿಲ್ಲ. ನಮ್ಮನೆಯವರು ಹೋಗಿ ಕರೆದರೆ ಅವಳು ಬರಲಿಲ್ಲ. ‘ಕಟ್ಕಂಡೋರು ಬಂದ್ರೆ ಬತ್ತೀನಿ, ಬಾವ. ಬರ್ದೇ ಇದ್ರೆ ನಾನು ಬ್ಯಾಡ ಅಂತ ತಾನೆ’ ಎಂದಳಂತೆ.

ಮೇಡಂ ಇದನ್ನೆಲ್ಲ ಮಾಳಿಗೆಯಿಂದ ನೋಡುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕರೆದಿದ್ದೆ, ಮುದ್ದೆ ಬಸ್ಸಾರು. ಸಿದ್ದರಾಜುವಿಗೆ ರೂಮಿಗೇ ತಟ್ಟೆ ಕಳಿಸಿದೆ. ಖಾಲಿ ತಟ್ಟೆ ವಾಪಸು ಬಂದಾಗ ಮೇಡಂ ಅದನ್ನೇ ನೋಡಿ, ‘ಚೆನ್ನಾಗಿ ತಿಂದಿದಾನಲ್ಲ. ಹೇಗಿತ್ತಂತೆ?’ ಎಂದರು.

‘ಬಸ್ಸಾರು ಬಲು ಚೆನ್ನಾಗದೆ ಅಂದ.’

‘ಇನ್ನೊಂದು ಸ್ವಲ್ಪ ಬೇಕಿದ್ರೆ ಅಡುಗೆಮನೆಗೆ ಬಂದು ಹಾಕ್ಕೊತಾನಾ?’

‘ಅದೊಂದು ಬಿಟ್ಟು ಕೇಳಿ’ ಎಂದೆ.

ಅವರು ಕೈ ತೊಳೆದವರೇ ನನ್ನನ್ನು ಮಾಳಿಗೆಗೆ ಎಳೆದುಕೊಂಡು ಹೋದರು. ಅಲ್ಲಿ ಬಡಗಿಯಿಂದ ಮಾಡಿಸಿದ ಉದ್ದನೆಯ ಮರದ ಪೆಟ್ಟಿಗೆಯೊಂದಿತ್ತು. ಒಳಗೆ ಬಿದಿರುಕಡ್ಡಿಯ ಪುಟ್ಟ ಏಣಿ, ಏಣಿಯ ತುದಿಯಲ್ಲೊಂದು ಹಲಗೆ. ಹಲಗೆಯ ಮೇಲೆ ಬೆಲ್ಲದ ಚೂರು ಇಟ್ಟು, ಏಣಿಯ ಬುಡದಲ್ಲಿ ನಾಲ್ಕು ರಾಗಿ ಕಾಳು ಚೆಲ್ಲಿದರು. ಕುಂಕುಮದ ಇಲಿಯನ್ನು ಬಿಟ್ಟರು. ಅದು ರಾಗಿಯನ್ನು ಮೂಸಿಯೂ ನೋಡದೆ ಏಣಿ ಹತ್ತಿ ಬೆಲ್ಲ ಕಚ್ಚಿತು. ನೀಲಿಯದೂ ಹಾಗೇ ಮಾಡಿತು. ಅರಿಶಿನದ ಇಲಿ ಮಾತ್ರ ತಲೆ ಎತ್ತಿ ಬೆಲ್ಲದ ಕಡೆ ನೋಡಿ, ಮೂಗು ಅಲ್ಲಾಡಿಸಿ, ಕೆಳಗಿನ ರಾಗಿ ತಿಂದುಕೊಂಡು ಮೂಲೆಯಲ್ಲಿ ಕೂತಿತು.

‘ಅದಕ್ಕೆ ಬೆಲ್ಲ ಸೇರಲ್ವೇನೋ’ ಎಂದೆ.

ಮೇಡಂ ಅದೇ ಬೆಲ್ಲವನ್ನು ತೆಗೆದು ಅದರ ಮೂಗಿನ ಮುಂದೆ ಹಿಡಿದರು. ಅದು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಅರೆಮುಚ್ಚಿ, ಚಪ್ಪರಿಸಿ ತಿಂದಿತು.

‘ನೋಡಿದ್ಯಾ? ಇಷ್ಟ ಇದೆ. ಕಾಲೂ ನೆಟ್ಟಗಿದೆ. ನಾವು ಏನಂದ್ಕೊಂಡಿದೀವಿ ಅಂದ್ರೆ, ಇಷ್ಟ ಇದ್ರೆ ಎದ್ದು ಹೋಗೇ ಹೋಗ್ತಾರೆ ಅಂತ. ಹಂಗಲ್ಲ ಅದು. ರುಚಿ ನೋಡಿ ಖುಷಿಪಡೋ ನರಗಳೇ ಬೇರೆ. ಏಳು, ಹೋಗು, ತಗೋ ಅಂತ ಒಳಗಿಂದ ತಳ್ಳೋ ನರಗಳೇ ಬೇರೆ.’ ಇಷ್ಟರಲ್ಲಿ ನನ್ನ ಹಣೆಗೆ ಎರಡು ಏಟು ಬಿದ್ದಿತ್ತು. ‘ಇವನಲ್ಲಿ ಆ ತಳ್ಳೋದು ಮಂಕಾಗಿದೆ.’

ಅದು ಯಾಕೆ ಮಂಕಾಯಿತು ಎಂದು ಕೇಳಿದಾಗ ಅವರ ದನಿ ಇಳಿಯಿತು. ಕಾಲೇಜಿನಲ್ಲಿ ಅವರೇ ಮಾಡಿದ ಕೆಲಸವಂತೆ. ಕಣ್ಣು ಬಿಡದ ಮರಿಗಳನ್ನು ದಿನವೂ ಒಂದಷ್ಟು ಹೊತ್ತು ತಾಯಿಯಿಂದ ದೂರ ಇಡುತ್ತಿದ್ದರು. ಮರಿಗಳು ಕೂಗುತ್ತವೆ, ತಾಯಿ ಬರುವುದಿಲ್ಲ, ಕೊನೆಗೆ ಸುಮ್ಮನಾಗುತ್ತವೆ. ಮಿದುಳಿನ ನರಗಳು ಒಂದಕ್ಕೊಂದು ಬೆಸೆದುಕೊಳ್ಳುವ ವಯಸ್ಸು ಅದೇ. ಆಗ ಕಲಿತ ಸುಮ್ಮನಿರುವಿಕೆ ಕೆಲವು ಮರಿಗಳಲ್ಲಿ ದೊಡ್ಡವಾದ ಮೇಲೂ ಉಳಿದುಬಿಡುತ್ತದೆ. ‘ಎಲ್ಲದರಲ್ಲೂ ಅಲ್ಲ. ಇವನ ಅಣ್ಣತಮ್ಮಂದ್ರು ಕೆಲವ್ರು ಕುಣಿದಾಡ್ಕೊಂಡಿದಾರೆ. ಅದ್ಯಾಕೆ ಅಂತ ನನಗೆ ಗೊತ್ತಿಲ್ಲ. ಇವನ್ನ ತಾಯಿಂದ ಬಿಡಿಸ್ದೋಳು ನಾನು. ಅದಕ್ಕೇ ಕಾಲೇಜಲ್ಲಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ’ ಎಂದು ಅರಿಶಿನದ ಇಲಿಯ ಕಿವಿ ಸವರಿದರು.

ಕೆಳಗೆ ಬಂದು ಅತ್ತೆಯ ಎದುರು ಕೂತು, ಸಿದ್ದರಾಜು ಕೂಸಾಗಿದ್ದಾಗ ಹೇಗೆ ಬೆಳೆದ ಎಂದು ಕೇಳಿದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. ಅವನನ್ನು ಹೆತ್ತ ಸ್ವಲ್ಪ ದಿನಕ್ಕೇ ಅವರಿಗೆ ಕ್ಷಯ. ಮೈಸೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಕೂಸನ್ನು ಹತ್ತಿರ ಬಿಡುತ್ತಿರಲಿಲ್ಲ. ನಾಗಮಂಗಲದ ಚಿಕ್ಕಮ್ಮ, ಕೆ.ಆರ್.ಪೇಟೆಯ ಸೋದರತ್ತೆ, ಪಾಂಡವಪುರದ ಯಾರೋ ದಾಯಾದಿಗಳು, ಹೀಗೆ ಕೈಯಿಂದ ಕೈಗೆ ದಾಟಿ ಬೆಳೆದವನು. ‘ವಾಪಸ್ ತಂದು ಮಡ್ಲಿಗಾಕುದ್ರೆ ನನ್ ಗುರ್ತೇ ಇಲ್ಲ ಅದ್ಕೆ. ಅಳ್ತಾನೂ ಇರ್ನಿಲ್ಲ, ಬಲು ಸಾದು ಮಗ ಅಂತಿದ್ರು ಎಲ್ರೂವೆ’ ಎಂದು ಹೇಳುತ್ತಾ ಹೋದವರು ತಟ್ಟನೆ ತಲೆಯೆತ್ತಿದರು. ‘ಅಂಗಾರೆ ತಪ್ಪು ನಂದಾ ಮೇಡಮ್ಮಾರೆ?’

ನಾನು ಸೊಪ್ಪಿನ ಮೊರವನ್ನು ನನ್ನ ಕಡೆ ಎಳೆದುಕೊಂಡೆ. ಮೇಡಂ ಮಾತ್ರ ಒಂದು ಕ್ಷಣವೂ ತಡಮಾಡಲಿಲ್ಲ. ‘ಕ್ಷಯ ಬಂದಿದ್ದು ನಿಮ್ ತಪ್ಪಾ ಅಕ್ಕ? ಅವನಿಗೆ ಬಂದಿರೋದೂ ಅಂಥದೇ ಒಂದು ಕಾಯಿಲೆ. ನಿಮ್ದು ಎದೇಲಿತ್ತು, ಇವನದು ಇಲ್ಲಿದೆ. ನಿಮಗೆ ಮದ್ದು ಕೊಟ್ರು, ವಾಸಿಯಾಯ್ತು. ಇವನಿಗೂ ಕೊಡ್ಸೋಣ. ಆ ಕಾರಣಕ್ಕೇ ಹಿಂಗಾಯ್ತು ಅಂತ ನಾನು ಹೇಳಲ್ಲ, ಯಾರೂ ಹೇಳಕ್ಕಾಗಲ್ಲ. ಆದ್ರೆ ಸೋಮಾರಿ ಅಂತ ಮಾತ್ರ ಅನ್ಬೇಡಿ. ಅದು ಕಾಯಿಲೆ ಹೆಸರಲ್ಲ’ ಎಂದರು. ಅವತ್ತು ಅತ್ತೆಯ ಹಣೆಯನ್ನು ಅವರು ತಟ್ಟಲಿಲ್ಲ, ಅಂಗೈ ಇಟ್ಟರು. ಬಾಗಿಲಲ್ಲಿ ನಿಂತು ಕೂಗುವುದು ನಮ್ಮ ಮನೆಯಲ್ಲಿ ಅಂದಿಗೇ ನಿಂತಿತು.

‘ನಾನು ಇಲಿ ಡಾಕ್ಟ್ರು, ಮನುಷ್ಯರ ಡಾಕ್ಟ್ರ ಹತ್ರ ಹೋಗೋಣ’ ಎಂದು ದಸರಾ ಕಳೆದ ಮೇಲೆ ಅವನನ್ನು ಮೈಸೂರಿಗೆ ಹೊರಡಿಸಿದ್ದೂ ಅವರೇ. ಹೊರಡಿಸಿದ ರೀತಿ ನೋಡಬೇಕಿತ್ತು. ಮೊದಲ ದಿನ ಆಸ್ಪತ್ರೆಯ ಮಾತೇ ಎತ್ತದೆ, ‘ಬರೀ ಚಪ್ಪಲಿ ಹಾಕ್ಕೊ, ಸಾಕು’ ಎಂದರು. ಅವನು ಹಾಕಿಕೊಂಡ. ‘ಭೇಷ್, ಈಗ ಮಲಕ್ಕೊ’ ಎಂದು ಹೊರಟೇಹೋದರು. ಮರುದಿನ ಗೇಟಿನ ತನಕ. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಕಾಫಿ ಕುಡಿದು ವಾಪಸು. ಬಸ್ ಹತ್ತುವ ಹೊತ್ತಿಗೆ ಅವನಿಗೆ ಅದೂ ಕಾಫಿಯ ಮುಂದುವರಿಕೆ ಅನ್ನಿಸಿರಬೇಕು. ಆಸ್ಪತ್ರೆಯ ಡಾಕ್ಟರು ನಿಧಾನವಾಗಿ ಮಾತಾಡಿಸಿ, ಮಾತ್ರೆ ಬರೆದು, ಗುಣ ಕಾಣಲು ವಾರಗಳೇ ಬೇಕು, ನಡುವೆ ಬಿಡಬೇಡಿ ಎಂದು ಹೇಳಿ ಕಳಿಸಿದರು.

ಮಾತ್ರೆ ತಪ್ಪದೆ ಹೊಟ್ಟೆಗೆ ಹೋಗುತ್ತಿತ್ತು. ಆದರೆ ಸಂಜೆ ನಾನು ಸ್ಕೂಲಿನಿಂದ ಬರುವಾಗ ಅವನು ಗೋಡೆಗೆ ಮುಖ ಮಾಡಿ ಮಲಗಿರುವುದೇ ಕಾಣುತ್ತಿತ್ತು. ನಾನು ಆಸೆ ಬಿಟ್ಟಿದ್ದೆ. ಅದೇ ದಿನಗಳಲ್ಲಿ ಅಡುಗೆಮನೆಯ ಡಬ್ಬಿಯಲ್ಲಿ ಬೆಲ್ಲ ಕಡಿಮೆಯಾಗತೊಡಗಿತು. ಅತ್ತೆ ನನ್ನ ಮೇಲೆ ಗುಮಾನಿಪಟ್ಟರು, ನಾನು ನಮ್ಮನೆಯವರ ಮೇಲೆ ಪಟ್ಟೆ. ಮೇಡಂ ಹಗಲೆಲ್ಲ ಲೈಬ್ರರಿಯಲ್ಲಿರುತ್ತಿದ್ದುದರಿಂದ ಅವರ ಮೇಲೆ ಗುಮಾನಿಪಡುವ ಹಾಗಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಭಾಗ್ಯಳ ಊರಿನಿಂದ ಹೇಳಿಕಳಿಸಿದರು. ನ್ಯಾಯ ಸೇರಿಸಿದ್ದಾರೆ, ಊರ ಹಿರಿಯರ ಮುಂದೆ ಎರಡೂ ಕಡೆಯವರು ಕೂತು ಮದುವೆಯಿಂದ ಬಿಡುಗಡೆ ಮಾಡಿಸಿಬಿಡೋಣ ಎಂದು. ಅತ್ತೆಗೆ ಅನ್ನ ಸೇರಲಿಲ್ಲ. ಸಿದ್ದರಾಜು ಮಾತ್ರ ಹೊರಡುವ ಬೆಳಿಗ್ಗೆ ಯಾರೂ ಎಬ್ಬಿಸದೆ ಶರ್ಟು ಹಾಕಿಕೊಂಡು ನಿಂತಿದ್ದ. ಮೇಡಂ ಮಾಳಿಗೆಯಿಂದ ಇಳಿದರು, ಒಂದು ಕೈಯಲ್ಲಿ ಮುಚ್ಚಳದ ಬುಟ್ಟಿ, ಕಂಕುಳಲ್ಲಿ ಮರದ ಪೆಟ್ಟಿಗೆ.

‘ನ್ಯಾಯಕ್ಕೆ ಇಲಿ ತಗೊಂಡ್ ಹೋಗ್ತೀರಾ?’ ಎಂದೆ.

‘ಸಾಕ್ಷಿ ಬೇಡ್ವಾ?’ ಎಂದರು.

ಪಾಂಡವಪುರದಿಂದ ಕೆ.ಆರ್.ಪೇಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿಯ ಮುಚ್ಚಳ ಎತ್ತಿ ನೋಡಿ, ಮುಚ್ಚಿ, ಪುನಃ ಎತ್ತಿ ನೋಡಿದ. ‘ಇಲಿಗೆ ಟಿಕೇಟಿಲ್ಲ ಕಣವ್ವ. ಪೆಟ್ಗೆಗೆ ಲಗೇಜಾಯ್ತದೆ’ ಎಂದ. ಮೇಡಂ ಲಗೇಜು ಕೊಟ್ಟು, ಅವನ ಹಣೆಯನ್ನೂ ತಟ್ಟಿದರು. ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿ ಗೋವಿಂದನಹಳ್ಳಿಯಲ್ಲಿ ಇಳಿದು, ಐದು ಲಿಂಗಗಳಿರುವ ಹಳೇ ದೇವಸ್ಥಾನದ ಜಗುಲಿಯಲ್ಲಿ ಚಿತ್ರಾನ್ನದ ಗಂಟು ಬಿಚ್ಚಿದೆವು. ಅತ್ತೆ ಐದು ಲಿಂಗಕ್ಕೂ ಅಡ್ಡಬಿದ್ದು ಬಂದರು. ಸಿದ್ದರಾಜು ತನ್ನ ಪಾಲಿನ ಕಡಲೇಬೀಜವನ್ನು ಒಂದೊಂದಾಗಿ ಬುಟ್ಟಿಯೊಳಗೆ ಹಾಕುತ್ತಿದ್ದ. ನಾನು ಅದನ್ನು ನೋಡಿದೆ, ಅರ್ಥ ಮಾತ್ರ ಆಗಲಿಲ್ಲ.

ನ್ಯಾಯ ಸೇರಿದ್ದು ಭಾಗ್ಯಳ ಊರಿನ ಹಾಲಿನ ಡೈರಿಯ ಜಗುಲಿಯಲ್ಲಿ. ಸಂಜೆ ಹಾಲು ಅಳೆಯುವುದರೊಳಗೆ ಮುಗಿಸಬೇಕಿತ್ತು. ಐದಾರು ಹಿರಿಯರು, ಅವರಲ್ಲಿ ಎಲ್ಲರೂ ದೊಡ್ಡಯ್ಯ ಎನ್ನುತ್ತಿದ್ದ ಬಿಳೀ ಮೀಸೆಯವರು ಮುಖ್ಯಸ್ಥರು. ಭಾಗ್ಯ ಡೈರಿಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ತಂದೆ ಎದ್ದು ನಿಂತು ಹೇಳಿದ್ದು ಇಷ್ಟೇ: ‘ಗೌರಿ ಹಬ್ಬುಕ್ಕೆ ಬಂದ ಮಗ್ಳ ಕರಿಯಕ್ಕೆ ಗಂಡಾದೋನು ಬರ್ನಿಲ್ಲ. ಬಸ್ಸು ಬಂದಾಗ್ಲೆಲ್ಲಾ ಆಚ್ಗೋಗಿ ನೋಡ್ಕಂಡು ಬತ್ತಿತ್ತು ಈ ಮಗ. ಒಂದು, ಅವ್ನು ಕೈಲಾಗ್ದ ಸೋಮಾರಿ. ಇಲ್ಲ, ಇವ್ಳ ಮ್ಯಾಲೆ ಅವ್ನಿಗೆ ಮನ್ಸಿಲ್ಲ. ಯಾವ್ದಾದ್ರೂ ಸರಿ, ಬುಡುಗಡೆ ಮಾಡ್ಕೊಡಿ.’

ನಮ್ಮನೆಯವರು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದರು. ‘ಮೂರನೇದೂ ಒಂದಿರಬಹುದು, ದೊಡ್ಡಯ್ಯ. ನೋಡ್ತೀರಾ?’ ಎಂದು ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು, ಬುಟ್ಟಿಯಿಂದ ಅರಿಶಿನದ ಇಲಿಯನ್ನು ಎತ್ತಿದರು. ಹಾಲಿನ ಕ್ಯಾನು ಹಿಡಿದು ಬಂದವರೆಲ್ಲ ಒಬ್ಬರ ಮೇಲೊಬ್ಬರು ಬಗ್ಗಿದರು. ಬೆಲ್ಲ ಮೂಗಿನ ಮುಂದೆ ಹಿಡಿದಾಗ ಇಲಿ ಚಪ್ಪರಿಸಿ ತಿಂದಿತು. ‘ಇಷ್ಟ ಅದೆ ಅಲ್ವಾ?’ ಎಂದು ಮೇಡಂ ಕೇಳಿದರು. ಅದೆ ಅದೆ ಎಂದು ಹಿರಿಯರು ತಲೆಯಾಡಿಸಿದರು. ‘ಈಗ ಅದೇ ಬೆಲ್ಲ ಏಣಿ ಮೇಲಿಡ್ತೀನಿ. ಕೆಳಗೆ ರಾಗಿ. ಇವನು ಬೆಲ್ಲಕ್ಕೆ ಹೋಗಲ್ಲ, ರಾಗಿ ತಿಂದ್ಕೊಂಡು ಕೂತ್ಕೊತಾನೆ. ಇಷ್ಟ ಇಲ್ಲದೆ ಅಲ್ಲ, ಹೊಟ್ಟೆ ತುಂಬಿಯೂ ಅಲ್ಲ. ಇಷ್ಟಕ್ಕೂ ಕಾಲಿಗೂ ನಡುವೆ ಇಲ್ಲೊಂದು ದಾರಿ ಇದೆ, ಅದು ಮಂಕಾಗಿದೆ. ಸಿದ್ದರಾಜುಗೂ ಆಗಿರೋದು ಇಂಥದೇ’ ಎಂದು ದೊಡ್ಡಯ್ಯನ ಹಣೆಯನ್ನೇ ತಟ್ಟಿದರು. ಪೇಟದ ಅಂಚು ಸರಿಯಿತು. ಅವರು ಅದನ್ನು ಸರಿಮಾಡಿಕೊಂಡು, ‘ಬುಡವ್ವ ನೋಡನ’ ಎಂದರು.

ಇಲಿಯನ್ನು ಬಿಟ್ಟರು. ಅದು ರಾಗಿಯ ಹತ್ತಿರ ಹೋಯಿತು, ಮೂಸಿತು. ಮೇಡಂ, ‘ನೋಡಿ, ಈಗ ನೋಡಿ’ ಎಂದರು. ಅರಿಶಿನದ ಇಲಿ ತಲೆ ಎತ್ತಿತು. ಏಣಿಯ ಮೊದಲ ಕಡ್ಡಿಯ ಮೇಲೆ ಒಂದು ಕೈ ಇಟ್ಟಿತು. ಎರಡನೆಯದು ಇಟ್ಟಿತು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಸರಸರನೆ ಹತ್ತಿ, ಹಲಗೆಯ ಮೇಲೆ ಕೂತು ಬೆಲ್ಲ ತಿನ್ನತೊಡಗಿತು.

ಮೊದಲು ಕ್ಯಾನು ಹಿಡಿದವರು ನಕ್ಕರು, ಆಮೇಲೆ ಹಿರಿಯರೂ ನಕ್ಕರು. ಭಾಗ್ಯಳ ತಂದೆ, ‘ನಿಮ್ ಇಲಿಗೂ ಇವ್ನು ಸೋಮಾರಿ ಅಂತ ಗೊತ್ತಾಗೋಗದೆ’ ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಮೇಡಂ ಮಾತ್ರ ಪೆಟ್ಟಿಗೆಯೊಳಗೆ ತಲೆ ಹಾಕಿ, ‘ಸಾಧ್ಯವಿಲ್ಲ, ನಿನಗೆ ಏನಾಯ್ತಪ್ಪ?’ ಎಂದು ಇಲಿಯನ್ನೇ ಕೇಳುತ್ತಿದ್ದರು.

‘ಮೇಡಂ, ಅದ್ಕೆ ನಾನು ಕಲ್ಸಿವ್ನಿ’ ಎಂದು ಯಾರೋ ಅಂದರು. ತಿರುಗಿ ನೋಡಿದರೆ ಸಿದ್ದರಾಜು. ನ್ಯಾಯ ಶುರುವಾದಾಗಿನಿಂದ ಕಂಬಕ್ಕೊರಗಿ ತುಟಿಪಿಟಿಕ್ಕೆನ್ನದೆ ಕೂತಿದ್ದವನು.

‘ಯಾವಾಗ?’

‘ನೀವು ಮೈಸೂರಿಗೆ ಹೋದ್ಮೇಲೆ. ಮೊದ್ಲು ಕೆಳ್ಗಿನ ಕಡ್ಡಿ ಮ್ಯಾಲೆ ಬೆಲ್ಲ ಮಡುಗ್ತಿದ್ದೆ. ಅದ್ಕೆ ಬಂದ್ರೆ ಇನ್ನೊಂದ್ ಕಡ್ಡಿ ಮೇಲ್ಕೆ. ನೀವು ನಂಗೆ ಚಪ್ಲಿ ಹಾಕ್ಸುದ್ರಲ್ಲ, ಅಂಗೇಯ.’

‘ದಿನಾ ಹೋಗ್ತಿದ್ದಾ?’

‘ಒಂದೊಂದಿನ ಏಳಕ್ಕೆ ಆಗ್ತಿರ್ನಿಲ್ಲ. ಆದ ದಿನ ಹೋಯ್ತಿದ್ದೆ. ನಾನೋಗ್ನಿಲ್ಲ ಅಂದ್ರೆ ಅದು ಬಾಗ್ಲು ಕಡೇಕೇ ನೋಡ್ಕಂಡ್ ಕೂತಿರ್ತದೆ ಅಂತ...’ ಎಂದು ಅವನು ಮಾತು ನುಂಗಿಕೊಂಡ. ಎಷ್ಟೋ ತಿಂಗಳಿನಿಂದ ಅವನು ಒಟ್ಟಿಗೆ ಆಡಿದ ಅತಿ ಹೆಚ್ಚು ಮಾತು ಅದು. ನಮ್ಮತ್ತೆ ನನ್ನ ಕೈ ಹಿಡಿದು, ‘ಬೆಲ್ಲ’ ಎಂದರು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಆಗ ಬಾಗಿಲ ಮರೆಯಿಂದ ಭಾಗ್ಯಳ ದನಿ ಬಂತು. ಗಂಡನ ಜೊತೆ ನೇರ ಮಾತಾಡಲಿಲ್ಲ. ‘ಮೇಡಮ್ಮಾರೆ, ಒಸಿ ಕೇಳಿ ಅವ್ರ. ಇಲಿ ತಾವ್ಕೆ ಮಾಳ್ಗೆ ಹತ್ಕಂಡು ಹೋಗಕ್ಕೆ ಆಯ್ತದೆ, ಹೆಂಡ್ತಿ ತಾವ್ಕೆ ಬರಕ್ಕೆ ಆಗ್ನಿಲ್ವಾ ಅಂತ.’

ಸಿದ್ದರಾಜು ನೆಲ ನೋಡಿಕೊಂಡೇ ಹೇಳಿದ. ‘ಇಲಿ ಮಾಳ್ಗೆ ಮ್ಯಾಲಿತ್ತು. ನೀನು ಬಲು ದೂರದಲ್ಲಿದ್ದೆ. ಮೊದ್ಲು ಮಾಳ್ಗೆಗಂಟ ಬಂದೆ. ಆಮೇಲೆ ಒಬ್ನೇ ಬಸ್ಟಾಂಡ್‌ಗಂಟ. ಇವತ್ತು ಇಲ್ಲೀಗಂಟ ಬಂದಿವ್ನಿ. ಮನ್ಸಿಲ್ದೇ ಅಲ್ಲ ಕಣೆ.’

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಬೇಕಾಗಿದ್ದದ್ದು ಕನ್ನಡಕವನ್ನಲ್ಲ. ‘ದೊಡ್ಡಯ್ಯ, ನಾನು ಹೇಳಿದ್ದು ಸುಳ್ಳಾಯ್ತು. ಇಷ್ಟು ವರ್ಷದಲ್ಲಿ ನನ್ನ ಪ್ರಯೋಗ ಕೆಟ್ಟಿದ್ದಕ್ಕೆ ಇಷ್ಟು ಸಂತೋಷ ಯಾವತ್ತೂ ಆಗಿರ್ಲಿಲ್ಲ’ ಎಂದರು. ದೊಡ್ಡಯ್ಯನಿಗೆ ಪ್ರಯೋಗ ಎಷ್ಟು ಅರ್ಥವಾಯಿತೋ ಕಾಣೆ, ಮೀಸೆ ತಿರುವಿಕೊಂಡು, ‘ಈಗ ಆ ಹೆಣ್ಮಗ ಏನಂದದೆ ಕೇಳಿ. ನಂದೇನದೆ ಇದ್ರಲ್ಲಿ’ ಎಂದರು.

‘ಇವತ್ತೇ ಬರಕಿಲ್ಲ’ ಎಂದಳು ಭಾಗ್ಯ. ಅತ್ತೆಯ ಮುಖ ಬಾಡಿತು. ‘ಸಂಕ್ರಾಂತಿಗೆ ಕರಿಯಕ್ಕೆ ಬರ್ಲಿ. ಅಣ್ಣನೂ ಬ್ಯಾಡ, ಅವ್ವನೂ ಬ್ಯಾಡ, ಒಬ್ರೇ ಬರ್ಲಿ. ಆಗ್ನಿಲ್ಲ ಅಂದ್ರೆ ಕೆ.ಆರ್.ಪೇಟೆ ಬಸ್ಟಾಂಡ್‌ಗಂಟ ಬರ್ಲಿ, ಅಲ್ಲೀಗಂಟ ನಾನೇ ಬತ್ತೀನಿ.’ ಅವಳ ತಂದೆ ಏನೋ ಹೇಳಹೊರಟರು. ಅಷ್ಟರಲ್ಲಿ ಹಾಲು ಅಳೆಯುವ ಹುಡುಗಿ, ‘ಹೊತ್ತಾಯ್ತು, ಏಳಿ ಎಲ್ರೂ’ ಎಂದು ಜಗುಲಿ ಬಿಡಿಸಿದಳು. ಅರಿಶಿನದ ಇಲಿ ಹಲಗೆಯ ಮೇಲೆ ಮೀಸೆ ಒರೆಸಿಕೊಳ್ಳುತ್ತಿತ್ತು.

ಸಂಕ್ರಾಂತಿಯ ದಿನ ಸಿದ್ದರಾಜು ಕೆ.ಆರ್.ಪೇಟೆಯಲ್ಲಿ ಇಳಿಯಲಿಲ್ಲ, ಸೀದಾ ಊರಿಗೇ ಹೋದ. ಸಂಜೆ ಇಬ್ಬರೂ ನಮ್ಮ ಗೇಟು ದಾಟುವಾಗ ಮೇಡಂ ಮಾಳಿಗೆಯ ಕಟ್ಟೆಯಿಂದ ಎಳ್ಳುಬೆಲ್ಲ ಎರಚಿದರು. ಅರ್ಧ ಅವರ ತಲೆಗೆ ಬಿತ್ತು, ಅರ್ಧ ಹಾಲಿನವನ ಕ್ಯಾನಿಗೆ ಬಿತ್ತು.

ಇಲಿಗಳ ಆಯುಸ್ಸು ಕಡಿಮೆ. ಒಂದೆರಡು ವರ್ಷದಲ್ಲಿ ಒಂದೊಂದಾಗಿ ಹೋದವು, ಸೀಬೆ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಅರಿಶಿನದ್ದು ಹೋದಾಗ ಅತ್ತೆ ಅದಕ್ಕೆ ಅರಿಶಿನ ಹಚ್ಚಿಯೇ ಮಣ್ಣಿಗಿಟ್ಟರು. ಆಮೇಲೆ ಮಂಡಿ ನೋವು ಹೆಚ್ಚಾಗಿ ಮೇಡಂ ನಾಗಮಂಗಲದ ತಮ್ಮನ ಮನೆಗೆ ಹೋದರು. ಸಿದ್ದರಾಜು ಹಬ್ಬಕ್ಕೆ ಹಬ್ಬಕ್ಕೆ ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದ. ಅವನಿಗೆ ಪೂರಾ ವಾಸಿಯಾಯಿತು ಎಂದು ನಾನು ಬರೆದರೆ ಮೇಡಂ ಒಪ್ಪುವುದಿಲ್ಲ. ಮಾತ್ರೆ ಇದೆ, ನಡುನಡುವೆ ಮಂಕು ಕವಿಯುವ ದಿನಗಳೂ ಇವೆ. ಆದರೆ ಟ್ರಾಕ್ಟರು ಇದೆ, ಕಬ್ಬು ಇದೆ, ಭಾಗ್ಯ ಇದ್ದಾಳೆ.

ಮೇಡಂ ತೀರಿಕೊಂಡ ಸುದ್ದಿ ಬಂದ ದಿನ ನಾಗಮಂಗಲಕ್ಕೆ ಹೊರಡಲು ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಗೇಟಿನಲ್ಲಿ ನಿಂತವನು ಸಿದ್ದರಾಜು. ಹೆಣದ ಬಾಯಿಗೆ ಎಲ್ಲರೂ ಅಕ್ಕಿಕಾಳು ಹಾಕಿದರು, ಅವನು ಬೆಲ್ಲದ ಚೂರು ಇಟ್ಟ. ವಾಪಸು ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಮರುದಿನವೂ ಏಳಲಿಲ್ಲ. ನನಗೆ ಹಳೆಯ ಭಯ ಹಿಡಿಯಿತು, ಅತ್ತೆಯಂತೂ ದೇವರಮನೆ ಬಿಟ್ಟು ಬರಲಿಲ್ಲ.

ಭಾಗ್ಯ ಗಾಬರಿಯಾಗಲಿಲ್ಲ. ಕಾಫಿ ಲೋಟ ತಂದು ಅವನ ತಲೆದೆಸೆಯಲ್ಲಿ ಇಟ್ಟು ಹೋದಳು. ಅವನು ಕುಡಿದ. ಮರುದಿನ ಲೋಟವನ್ನು ರೂಮಿನ ಹೊಸಲಿನ ಮೇಲಿಟ್ಟು, ‘ಇಲ್ಲಿ ಮಡಗಿವ್ನಿ’ ಎಂದಷ್ಟೇ ಹೇಳಿದಳು. ಅದರ ಮರುದಿನ ಪಡಸಾಲೆ ದಾಟಿ ಹೊರಗಿನ ಜಗುಲಿಯ ಮೇಲಿಟ್ಟು, ತಾನೂ ಒಂದು ಲೋಟ ಹಿಡಿದು ಕೂತಳು. ನಾನು ಪಾಂಡವಪುರದ ಬಸ್ಸಿಗೆ ಹೊತ್ತಾಗುತ್ತಿದ್ದರೂ ಕಿಟಕಿಯ ಹಿಂದೆ ನಿಂತೇ ಇದ್ದೆ. ಕಾಫಿ ಆರಿತು. ಭಾಗ್ಯ ಒಳಗೆ ಹೋಗಿ ಬಿಸಿ ಮಾಡಿಕೊಂಡು ಬಂದು ಪುನಃ ಅಲ್ಲೇ ಇಟ್ಟಳು.

ಸುಮಾರು ಹೊತ್ತಾದ ಮೇಲೆ ಒಳಗಿನಿಂದ ಚಪ್ಪಲಿಯ ಸದ್ದು ಕೇಳಿತು.